ಎಡಬದಿಯಿಲ್ಲದ ನೌಕೆ

1960ರ ದಶಕದಲ್ಲಿ ಅಮೆರಿಕದ ‘ಸ್ಟಾರ್ ಟ್ರೆಕ್’ ಧಾರಾವಾಹಿಗೆ ಕಟ್ಟಿದ ಎಂಟರ್‌ಪ್ರೈಸ್ ನೌಕೆಯ ದೊಡ್ಡ ಮಾದರಿ ಸುಮಾರು 11 ಅಡಿ ಉದ್ದವಿತ್ತು. ಕ್ಯಾಮೆರಾ ನೋಡುತ್ತಿದ್ದುದು ಬಲಬದಿಯನ್ನು. ದೀಪಗಳ ತಂತಿಗಳು ಎಡಬದಿಯಿಂದ ಹೊರಬರುತ್ತಿದ್ದವು. ಆ ಬದಿಯ ಅಲಂಕಾರ ಪೂರ್ತಿಯಾಗಲೇ ಇಲ್ಲ. ಟಿವಿಗೆ ಅಷ್ಟು ಸಾಕು. ತರಗತಿಗೆ ಸಾಲದು.

ಬೋಧನಾಭ್ಯಾಸಕ್ಕೆಂದು ಪೇಟೆಯಿಂದ ಬರುವ ಥರ್ಮಾಕೋಲ್ ರಾಕೆಟ್‌ಗಳದೂ ಇದೇ ಕತೆ. ಹಿಂದಿನ ಬೆಂಚಿನಲ್ಲಿ ಕೂತ ವೀಕ್ಷಕರಿಗೆ ಬೆಳ್ಳಿ ಬಣ್ಣ, ಮಕ್ಕಳಿಗೆ ‘ಮುಟ್ಟಬೇಡಿ’.

ಕುದುರೆಮುಖ, ಕಳಸದ ಕಡೆ ಅಡಿಕೆ ಹಾಳೆಗೆ ಬರವಿಲ್ಲ. ಹಾಳೆಯ ಒಡಲು, ಬಿದಿರು ಕಡ್ಡಿಯ ನಾಲ್ಕು ಕಾಲು: 2023ರಲ್ಲಿ ಚಂದ್ರನ ಮೇಲಿಳಿದ ವಿಕ್ರಮ್ ಲ್ಯಾಂಡರಿನ ಮಾದರಿ ಮಕ್ಕಳ ಕೈಯಲ್ಲೇ ಆಗುತ್ತದೆ. ಜಾರದಂತೆ ಗೋಣಿ ಹಾಸಿದ ಹಲಗೆಯ ಮೇಲೆ ಅದನ್ನಿಟ್ಟು ಒಂದು ತುದಿ ಎತ್ತುತ್ತ ಹೋಗಲಿ. ಯಾವಾಗ ಮಗುಚುತ್ತದೆ? ಕಾಲು ಅಗಲಿಸಿದರೆ? ಮೇಲೊಂದು ಕಲ್ಲು ಕಟ್ಟಿದರೆ? ಗುಡ್ಡದ ಮಕ್ಕಳಿಗೆ ಇಳಿಜಾರು ಹೊಸದಲ್ಲ. ಗುರುತ್ವ ಕೇಂದ್ರ ಎಂಬ ಹೆಸರಷ್ಟೇ ಹೊಸದು. 2019ರಲ್ಲಿ ಚಂದ್ರಯಾನ-2ರ ಲ್ಯಾಂಡರ್ ಅಪ್ಪಳಿಸಿದ ಮೇಲೆ ಇಸ್ರೋ ಕಾಲುಗಳನ್ನು ಬಲಪಡಿಸಿದ್ದನ್ನು ಆಮೇಲೆ ಹೇಳಿದರೆ ಅವರಿಗೆ ಥಟ್ಟನೆ ತಿಳಿಯುತ್ತದೆ.

ಹಾಳೆಯ ನೌಕೆ ಅಂದವಾಗಿರುವುದಿಲ್ಲ, ನಿಜ. ಮೌಲ್ಯಮಾಪನದಲ್ಲಿ ‘ಆಕರ್ಷಕತೆ’ಗೆ ಕೊಡುವ ಅಂಕದಲ್ಲಿ ಒಂದೆರಡನ್ನು ‘ಮಕ್ಕಳು ಮಗುಚಿ ನೋಡಿದರೇ?’ ಎಂಬುದಕ್ಕೆ ಇಡಬಹುದಲ್ಲವೇ?