ಅಂಗಡಿಗೆ ಎರಡು ಬೀಗ, ಖಾತೆಗೆ ಮಾತ್ರ ಒಂದೇ ಯಾಕೆ?

ಅಂಕೋಲಾದಿಂದ ಹುಬ್ಬಳ್ಳಿ ಕಡೆ ಹೋಗುವ ಹೆದ್ದಾರಿಯಲ್ಲಿ ಅಗಸೂರು ಸಿಗುತ್ತದೆ. ಇತ್ತೀಚೆಗೆ ಅಲ್ಲಿ ಚಹಾಕ್ಕೆ ಇಳಿದಾಗ ಮಂಗಳೂರು ಕಡೆಯ ಲಾರಿಯೊಂದು ಕೆಟ್ಟು ನಿಂತಿತ್ತು. ಮಾಲನ್ನು ಬೇರೆ ಲಾರಿಗೆ ಹಾಕಿ ಆಗಿದೆ. ಇ-ವೇ ಬಿಲ್‌ನಲ್ಲಿ ಹೊಸ ಗಾಡಿ ನಂಬರ್ ಹಾಕಿದರೆ ಹೊರಡಬಹುದು. ಆದರೆ ಒಟಿಪಿ ಹೋದದ್ದು ಮಾಲೀಕರ ಫೋನಿಗೆ, ಮಾಲೀಕರು ಇರುವುದು ಗಲ್ಫ್‌ನಲ್ಲಿ. ಫೋನ್ ಎತ್ತುತ್ತಿಲ್ಲ. "ಈ ಒಟಿಪಿ ಯಾಕೆ ಬೇಕಿತ್ತು ಕಾಕ? ಮೊದಲು ಪಾಸ್‌ವರ್ಡ್ ಒಂದಿದ್ದರೆ ಸಾಕಿತ್ತು" ಅಂದ ಡ್ರೈವರ್.

ಅವನ ಸಿಟ್ಟು ಸುಳ್ಳಲ್ಲ. ಆದರೆ ತಪ್ಪು ಒಟಿಪಿಯದ್ದಲ್ಲ ಎಂಬುದು ನನ್ನ ಅಭಿಪ್ರಾಯ.

ನಮ್ಮ ಅಂಗಡಿಗಳ ಪಾಸ್‌ವರ್ಡ್ ಎಲ್ಲಿರುತ್ತದೆ ನೋಡಿ. ಗಲ್ಲಾಪೆಟ್ಟಿಗೆಯ ಒಳಗೆ ಚೀಟಿಯಲ್ಲಿ, ಟ್ಯಾಕ್ಸ್ ನೋಡಿಕೊಳ್ಳುವವರ ಡೈರಿಯಲ್ಲಿ, ಎರಡು ವರ್ಷದ ಹಿಂದೆ ಕೆಲಸ ಬಿಟ್ಟ ಹುಡುಗನ ವಾಟ್ಸ್‌ಆಪ್‌ನಲ್ಲಿ. ಅವರಲ್ಲಿ ಯಾರೂ ಕೆಟ್ಟವರಾಗಬೇಕಿಲ್ಲ, ಒಬ್ಬರ ಫೋನ್ ಕಳೆದುಹೋದರೂ ಸಾಕು. ನಿಮ್ಮ ಹೆಸರಲ್ಲಿ ಯಾರೋ ಸುಳ್ಳು ಬಿಲ್ ಮಾಡಿದರೆ ನೋಟಿಸ್ ಬರುವುದು ನಿಮ್ಮ ಮನೆಗೆ.

ಅದಕ್ಕೇ ಇ-ವೇ ಬಿಲ್ ಪೋರ್ಟಲ್‌ಗೆ ಎರಡು ಹಂತದ ದೃಢೀಕರಣ ಬಂದದ್ದು. 2023ರ ಆಗಸ್ಟ್‌ನಲ್ಲಿ 100 ಕೋಟಿ ರೂಪಾಯಿ ಮೀರಿದ ವಹಿವಾಟಿನವರಿಗೆ, 2025ರ ಜನವರಿಯಲ್ಲಿ 20 ಕೋಟಿ ಮೀರಿದವರಿಗೆ, ಫೆಬ್ರವರಿಯಲ್ಲಿ 5 ಕೋಟಿ ಮೀರಿದವರಿಗೆ, ಏಪ್ರಿಲ್ 1ರಿಂದ ಎಲ್ಲರಿಗೂ ಕಡ್ಡಾಯವಾಯಿತು. ಪಾಸ್‌ವರ್ಡ್ ಒಂದು ಕೀಲಿಕೈಯಾದರೆ, ನಿಮ್ಮ ಕೈಯಲ್ಲಿರುವ ಫೋನ್ ಇನ್ನೊಂದು. ಒಂದು ಕದ್ದವನಿಗೆ ಬಾಗಿಲು ತೆರೆಯುವುದಿಲ್ಲ.

ಒಂದೇ ಕೀಲಿಕೈ ಏನು ಮಾಡೀತು ಎಂಬುದನ್ನು ಮಂಗಳೂರಿನವರು 2023ರಲ್ಲೇ ಕಂಡಿದ್ದಾರೆ. ಆಸ್ತಿ ನೋಂದಣಿಗೆ ಬೆರಳಚ್ಚು ಕೊಟ್ಟು ಬಂದ ಹಲವರ ಖಾತೆಯಿಂದ ಹಣ ಹೋಯಿತು. ನೋಂದಣಿ ದಾಖಲೆಗಳಿಂದ ಬೆರಳಚ್ಚು ನಕಲು ಮಾಡಿ, ಆಧಾರ್ ಮೂಲಕ ಹಣ ತೆಗೆಯುವ ವ್ಯವಸ್ಥೆಯಲ್ಲಿ ಬಳಸಿದ್ದರು. ಅಲ್ಲಿ ಒಟಿಪಿ ಕೇಳುವುದಿಲ್ಲ. ಹಣ ಹೋದ ಮೇಲೆ ಮೆಸೇಜ್ ಬಂತು, ಅಷ್ಟೇ. ಪಾಸ್‌ವರ್ಡ್ ಆದರೂ ಬದಲಾಯಿಸಬಹುದು, ಬೆರಳು ಬದಲಾಯಿಸಲಿಕ್ಕೆ ಆಗುತ್ತದಾ? ಆಧಾರ್ ಬಯೋಮೆಟ್ರಿಕ್ ಲಾಕ್ ಮಾಡದವರು ಇವತ್ತೇ ಮಾಡಿ.

ಹಾಗಾದರೆ ಅಗಸೂರಿನ ಡ್ರೈವರ್ ಗತಿ? ಅದಕ್ಕೆ ದಾರಿ ಪೋರ್ಟಲ್‌ನಲ್ಲೇ ಇದೆ. ಬಿಲ್ ಮಾಡುವ ಪ್ರತಿಯೊಬ್ಬ ರೈಟರ್‌ಗೂ ಸಬ್ ಯೂಸರ್ ಎಂದು ಬೇರೆ ಲಾಗಿನ್ ಮಾಡಿಕೊಡಬಹುದು. ಒಟಿಪಿ ಅವರವರ ನಂಬರಿಗೇ ಬರುತ್ತದೆ. ಕೆಲಸ ಬಿಟ್ಟ ದಿನ ಆ ಲಾಗಿನ್ ಮುಚ್ಚಿದರಾಯಿತು. ನೆಟ್‌ವರ್ಕ್ ಸಿಗದ ಜಾಗದವರು ಎನ್‌ಐಸಿ-ಜಿಎಸ್‌ಟಿ-ಶೀಲ್ಡ್ ಎಂಬ ಆಪ್ ಹಾಕಿಕೊಳ್ಳಲಿ, ಅದು ಇಂಟರ್‌ನೆಟ್ ಇಲ್ಲದೆಯೂ ಒಟಿಪಿ ಕೊಡುತ್ತದೆ. ಮಾಲೀಕರು ಎಲ್ಲಾ ಕೀಲಿಕೈಯನ್ನೂ ತಮ್ಮ ಕಿಸೆಯಲ್ಲೇ ಇಟ್ಟು ವಿಮಾನ ಹತ್ತಿದರೆ ಬೀಗವನ್ನು ಬೈದು ಏನು ಪ್ರಯೋಜನ?

ಇ-ವೇ ಬಿಲ್‌ಗೆ ಸರಕಾರ ಕಡ್ಡಾಯ ಮಾಡಿತು. ಉಳಿದದ್ದನ್ನು ನಾವೇ ಮಾಡಿಕೊಳ್ಳಬೇಕು. ಮೊದಲು ಅಂಗಡಿಯ ಇಮೇಲ್. ಬೇರೆ ಖಾತೆಗಳ ಪಾಸ್‌ವರ್ಡ್ ಬದಲಾಯಿಸುವ ಲಿಂಕ್ ಬರುವುದು ಅಲ್ಲಿಗೇ. ಆಮೇಲೆ ವಾಟ್ಸ್‌ಆಪ್. ಗಿರಾಕಿಗಳ ಆರ್ಡರ್, ಬ್ಯಾಂಕ್ ಖಾತೆ ನಂಬರ್ ಎಲ್ಲಾ ಅದರಲ್ಲೇ ನಡೆಯುತ್ತದೆ. ನಿಮ್ಮ ನಂಬರ್ ಬೇರೆಯವರ ಕೈಗೆ ಹೋದರೆ, ನಿಮ್ಮ ಹೆಸರಲ್ಲೇ ಗಿರಾಕಿಗಳಿಂದ ದುಡ್ಡು ಕೇಳುತ್ತಾರೆ. ಸೆಟ್ಟಿಂಗ್ಸ್‌ನಲ್ಲಿ ಟೂ-ಸ್ಟೆಪ್ ವೆರಿಫಿಕೇಶನ್‌ಗೆ ಹೋಗಿ ಆರು ಅಂಕಿಯ ಪಿನ್ ಹಾಕಲಿಕ್ಕೆ ಎರಡು ನಿಮಿಷ ಸಾಕು.

ಒಂದು ಮಾತು ಮರೆಯಬೇಡಿ. ಫೋನಿನಲ್ಲಿ ಒಟಿಪಿ ಓದಿ ಹೇಳಿದರೆ ಎಷ್ಟು ಬೀಗ ಇದ್ದೂ ವ್ಯರ್ಥ. ಬ್ಯಾಂಕಿನವನೆಂದರೂ, ಪೊಲೀಸ್ ಎಂದರೂ ಕೊಡಬೇಡಿ. ದುಡ್ಡು ಹೋದರೆ ನಾಚಿಕೆ ಪಟ್ಟು ಕೂರದೆ ಕೂಡಲೇ 1930ಕ್ಕೆ ಕರೆ ಮಾಡಿ. ಬೇಗ ತಿಳಿಸಿದಷ್ಟೂ ಹಣ ತಡೆಯುವ ಅವಕಾಶ ಹೆಚ್ಚು.

"ನಮ್ಮದು ಸಣ್ಣ ವ್ಯಾಪಾರ, ನಮ್ಮ ಹತ್ತಿರ ಯಾರು ಬರ್ತಾರೆ ಮಾರಾಯ್ರೆ" ಎನ್ನುವವರಿದ್ದಾರೆ. ಸಣ್ಣ ವ್ಯಾಪಾರಿಗೆ ಒಂದು ಲಕ್ಷ ಹೋದರೆ ಅಂಗಡಿಯೇ ಹೋದಂತೆ. ಆ ದಿನ ಅಗಸೂರಿನಲ್ಲಿ ರೈಟರ್ ಕೈಗೆ ಅವನದೇ ಲಾಗಿನ್ ಇದ್ದಿದ್ದರೆ, ನನ್ನ ಚಹಾ ಮುಗಿಯುವ ಮೊದಲೇ ಲಾರಿ ಹೊರಡುತ್ತಿತ್ತು.