ಅಮೃತಮತಿ ಬರಿಯ ದೃಷ್ಟಾಂತವೇ?

ಜನ್ನನ ‘ಯಶೋಧರ ಚರಿತೆ’ (1209) ಅಹಿಂಸೆಯ ಬೋಧನೆಗಾಗಿಯೇ ಹುಟ್ಟಿದ ಕಾವ್ಯ, ಇದರಲ್ಲಿ ವಿವಾದವಿಲ್ಲ. ಆದರೆ ಅಮೃತಮತಿಯ ಪ್ರಸಂಗವನ್ನು ಶೀಲಭಂಗದ ಎಚ್ಚರಿಕೆಯೆಂದು ಸಮರ್ಥಿಸಿ ದಾಟಿಬಿಡುವವರ ಮಾತನ್ನು ಒಪ್ಪಲಾರೆ. ಎಚ್ಚರಿಕೆಯಷ್ಟೇ ಬೇಕಿದ್ದರೆ ಒಂದು ಕಂದಪದ್ಯ ಸಾಕಿತ್ತು. ಕುರೂಪಿ ಮಾವುತನ ಹಾಡಿಗೆ ರಾಣಿ ಸೋತುದನ್ನು ಕವಿ ಅಷ್ಟೊಂದು ತನ್ಮಯನಾಗಿ ಏಕೆ ಕಂಡ? ಆ ಸೋಲು ನಿಜವೆನಿಸಿದರೆ ಮಾತ್ರ ಯಶೋಧರನ ನೋವೂ ನಿಜ. ಕಂಡುದನ್ನು ತಾಯಿ ಚಂದ್ರಮತಿಗೆ ಹೇಳಲಾರದೆ ಆತ ಕನಸಿನ ನೆಪ ಹೂಡಿದ. ಆ ನೆಪವೇ ಅವನನ್ನು ಹಿಟ್ಟಿನ ಕೋಳಿಯ ಬಲಿಗೆ, ಅಂದರೆ ಸಂಕಲ್ಪಹಿಂಸೆಗೆ, ಎಳೆದೊಯ್ದಿತು. (ಕಡಿದಾಗ ಆ ಕೋಳಿ ಕೂಗುವುದನ್ನು ನೆನೆಯಿರಿ.) ಪಠ್ಯಕ್ಕಾಗಿ ಮಾವುತನ ಭಾಗವನ್ನು ಕತ್ತರಿಸಬಯಸುವ ಸಂಪಾದಕರು, ಅದಿಲ್ಲದೆ ಬಲಿಯ ಪ್ರಸಂಗವನ್ನು ಒಮ್ಮೆ ಓದಿ ನೋಡಲಿ.