ಹಾರ್ಟ್ ಅಟ್ಯಾಕ್‌ಗೂ ಬಸುರಿಯ ತಟ್ಟೆಗೂ ಸಂಬಂಧವಿದೆ

ನಮ್ಮ ಹಳ್ಳಿಗಳಲ್ಲಿ ಯಾರಿಗಾದರೂ ನಲವತ್ತೈದಕ್ಕೇ ಹಾರ್ಟ್ ಅಟ್ಯಾಕ್ ಆದರೆ ಕಟ್ಟೆ ಮೇಲಿನ ಮಾತು ಬೀಡಿ, ಕುಡಿತ, ಟೆನ್ಷನ್ ಎಂದು ಸುತ್ತಿ ಕೊನೆಗೆ ಹಣೆಬರಹಕ್ಕೆ ಬಂದು ನಿಲ್ಲುತ್ತದೆ. ಬೀಡಿ, ಕುಡಿತ ಕಾರಣವೆನ್ನುವುದು ನಿಜ. ಆದರೆ ಆ ಮನುಷ್ಯ ಹುಟ್ಟಿದಾಗ ಎಷ್ಟು ತೂಕವಿದ್ದ, ಅವನ ತಾಯಿ ಬಸುರಿಯಾಗಿದ್ದಾಗ ಹೊಟ್ಟೆ ತುಂಬ ಉಂಡಿದ್ದಳಾ ಎಂದು ಯಾರೂ ಕೇಳುವುದಿಲ್ಲ. ಅದನ್ನೂ ಕೇಳಬೇಕು ಎನ್ನುವುದು ನಮ್ಮ ವಾದ.

ಇದಕ್ಕೆ ಆಧಾರ ನಮ್ಮ ಮೈಸೂರಿನಲ್ಲೇ ಇದೆ. ಅಲ್ಲಿನ ಹೋಲ್ಡ್ಸ್‌ವರ್ತ್ ಸ್ಮಾರಕ ಆಸ್ಪತ್ರೆ, ಜನ ಮಿಷನ್ ಆಸ್ಪತ್ರೆ ಎನ್ನುವುದು, 1934ರಿಂದ ಹುಟ್ಟಿದ ಮಕ್ಕಳ ತೂಕ, ಉದ್ದ, ತಲೆಯ ಸುತ್ತಳತೆಯನ್ನು ಬರೆದಿಡುತ್ತಾ ಬಂದಿತ್ತು. 1934ರಿಂದ 1954ರ ನಡುವೆ ಅಲ್ಲಿ ಹುಟ್ಟಿ ಅದೇ ಸುತ್ತಮುತ್ತ ವಾಸವಿದ್ದ 517 ಜನರನ್ನು ಸಂಶೋಧಕರು ಹುಡುಕಿ ಪರೀಕ್ಷೆ ಮಾಡಿದರು. 1996ರಲ್ಲಿ ಫಲಿತಾಂಶ ಪ್ರಕಟವಾಯಿತು. ಹುಟ್ಟಿದಾಗ ಎರಡೂವರೆ ಕೆಜಿ ಅಥವಾ ಅದಕ್ಕಿಂತ ಕಡಿಮೆ ಇದ್ದವರಲ್ಲಿ ನೂರಕ್ಕೆ 11 ಜನರಿಗೆ ಹೃದಯದ ರಕ್ತನಾಳದ ಕಾಯಿಲೆ ಇತ್ತು. 3.1 ಕೆಜಿ ದಾಟಿದ್ದವರಲ್ಲಿ ನೂರಕ್ಕೆ 3 ಮಾತ್ರ. ಮಗುವೂ ಸಣ್ಣದು, ಬಸುರಿಯಾಗಿದ್ದಾಗ ತಾಯಿಯ ತೂಕವೂ 45 ಕೆಜಿಗಿಂತ ಕಡಿಮೆ ಎಂದಿದ್ದ ಕಡೆ ನೂರಕ್ಕೆ 20.

ಯಾಕೆ ಹೀಗೆ? ಹೊಟ್ಟೆಯೊಳಗೆ ಆಹಾರ ಸಾಲದಿದ್ದಾಗ ಕೂಸಿನ ದೇಹ ಇರುವುದನ್ನು ಮೊದಲು ಮಿದುಳಿಗೆ ಕೊಡುತ್ತದೆ. ಕಿಡ್ನಿ, ರಕ್ತನಾಳ, ಮಾಂಸಖಂಡಕ್ಕೆ ಉಳಿದಷ್ಟು. ಕಿಡ್ನಿಯಲ್ಲಿ ರಕ್ತ ಸೋಸುವ ಸಣ್ಣ ಸಣ್ಣ ಘಟಕಗಳು ಹುಟ್ಟುವ ಮೊದಲೇ ತಯಾರಾಗಬೇಕು, ಆಮೇಲೆ ಹೊಸದಾಗಿ ಹುಟ್ಟುವುದಿಲ್ಲ. ಅವು ಕಡಿಮೆಯಾದರೆ ಮುಂದೆ ಬಿಪಿ ಏರುವ ಸಾಧ್ಯತೆ ಹೆಚ್ಚು. ಬಿಪಿ ಏರಿದರೆ ಹೃದಯಕ್ಕೆ ಹೊರೆ.

ಹಾಗಂತ ಸಣ್ಣ ಮಗುವನ್ನು ಆಮೇಲೆ ಬೇಕರಿ ತಿಂಡಿ ತಿನ್ನಿಸಿ ದಪ್ಪ ಮಾಡಿದರೆ ಸರಿಹೋಗುವುದಿಲ್ಲ. ದೆಹಲಿಯಲ್ಲಿ 1969ರಿಂದ 1972ರ ನಡುವೆ ಹುಟ್ಟಿದವರನ್ನು ದೊಡ್ಡವರಾಗುವವರೆಗೂ ಗಮನಿಸಿದ್ದಾರೆ. ಎರಡು ವರ್ಷದೊಳಗೆ ಸಣಕಲಾಗಿದ್ದು, ಆಮೇಲೆ ಹನ್ನೆರಡು ವರ್ಷದವರೆಗೆ ಮೈ ತುಂಬಿಕೊಳ್ಳುತ್ತಾ ಹೋದವರಲ್ಲೇ ಸಕ್ಕರೆ ಕಾಯಿಲೆ ಹೆಚ್ಚಾಗಿ ಕಂಡಿತು. ಸಕ್ಕರೆ ಕಾಯಿಲೆ ಹೃದಯಕ್ಕೂ ಶತ್ರು.

ಈಗ ನಮ್ಮ ಮನೆಗಳಿಗೆ ಬರೋಣ. 'ಜಾಸ್ತಿ ಉಂಡರೆ ಮಗು ದೊಡ್ಡದಾಗುತ್ತೆ, ಹೆರಿಗೆ ಕಷ್ಟ ಆಗುತ್ತೆ' ಎಂದು ಸೊಸೆಯ ತಟ್ಟೆಗೆ ಕಡಿಮೆ ಬಡಿಸುವ ಮನೆಗಳು ಇವತ್ತಿಗೂ ಇವೆ. ಎಲ್ಲರೂ ಉಂಡ ಮೇಲೆ ತಳದಲ್ಲಿ ಉಳಿದದ್ದು ಸೊಸೆಗೆ. ಅತ್ತೆಯಂದಿರು ಇದನ್ನು ಕೆಟ್ಟ ಮನಸ್ಸಿನಿಂದ ಮಾಡುವುದಿಲ್ಲ, ಅವರಿಗೂ ಹಾಗೇ ಆಗಿತ್ತು. ಆದರೆ ನಷ್ಟವಾಗುವುದು ಮೊಮ್ಮಗನಿಗೆ, ಅದೂ ನಲವತ್ತು ವರ್ಷದ ನಂತರ.

ಸರ್ಕಾರವೂ ಯೋಚಿಸಬೇಕು. ಮಾತೃಪೂರ್ಣ ಯೋಜನೆಯಲ್ಲಿ ಬಸುರಿ, ಬಾಣಂತಿಯರಿಗೆ ಅಂಗನವಾಡಿಯಲ್ಲಿ ಬಿಸಿಯೂಟ, ಹಾಲು, ಮೊಟ್ಟೆ, ಚಿಕ್ಕಿ ಇದೆ. ಒಳ್ಳೆಯ ಯೋಜನೆ. ಆದರೆ ಕಳೆ ತೆಗೆಯಲು ಹೋದ ಹೆಂಗಸು ಮಧ್ಯಾಹ್ನ ಹೊಲ ಬಿಟ್ಟು ಅಂಗನವಾಡಿಗೆ ನಡೆದು ಬಂದರೆ ಅರ್ಧ ದಿನದ ಕೂಲಿ ಹೋಗುತ್ತದೆ. ಅಂಥವರಿಗೆ ಊಟ ಬುತ್ತಿಯಲ್ಲಿ ಸಿಗುವಂತಾಗಲಿ ಎಂದು ಗ್ರಾಮಸಭೆಯಲ್ಲಿ ಕೇಳಿ. ಹದಿನೆಂಟು ತುಂಬದ ಹುಡುಗಿಯ ಮದುವೆಗೆ ಹೋಗಿ ಅಕ್ಷತೆ ಹಾಕುವುದನ್ನೂ ನಿಲ್ಲಿಸೋಣ. ತಾನೇ ಬೆಳೆಯುತ್ತಿರುವ ಹುಡುಗಿ ಇನ್ನೊಂದು ಜೀವವನ್ನು ಹೇಗೆ ಬೆಳೆಸಿಯಾಳು?

ಕಡಿಮೆ ತೂಕದಲ್ಲಿ ಹುಟ್ಟಿದವರು ಹೆದರಬೇಕಿಲ್ಲ, ಎಲ್ಲರಿಗೂ ಕಾಯಿಲೆ ಬರುವುದಿಲ್ಲ. ಬೀಡಿ ಬಿಡಿ, ಹೊಟ್ಟೆ ಬೆಳೆಯಲು ಬಿಡಬೇಡಿ. ಮೂವತ್ತು ದಾಟಿದ್ದರೆ ಹತ್ತಿರದ ಸರ್ಕಾರಿ ಆಸ್ಪತ್ರೆಯಲ್ಲಿ ಬಿಪಿ, ಶುಗರ್ ನೋಡಿಸಿಕೊಳ್ಳಿ. ಮನೆಯಲ್ಲಿ ತಾಯಿ ಕಾರ್ಡ್ ಇದ್ದರೆ ಮಗುವಿನ ಹುಟ್ಟಿದ ತೂಕ ನೋಡಿ, ಕಾರ್ಡನ್ನು ರೇಷನ್ ಕಾರ್ಡ್ ಜೊತೆಯಲ್ಲೇ ಜೋಪಾನವಾಗಿಡಿ. ಮುಂದೊಂದು ದಿನ ಡಾಕ್ಟರಿಗೆ ಅದು ಬೇಕಾಗಬಹುದು.